ಸೊರೊರಿಟಿ ಮನೆ ಮತ್ತು 'ವೇಶ್ಯಾಗೃಹ ಕಾನೂನು': ಸತ್ಯಾಂಶ

"ಅಮೆರಿಕದಲ್ಲಿ ಆರಕ್ಕಿಂತ ಜಾಸ್ತಿ ಹುಡುಗಿಯರು ಒಂದೇ ಮನೆಯಲ್ಲಿದ್ದರೆ ಕಾನೂನು ಪ್ರಕಾರ ಅದು ವೇಶ್ಯಾಗೃಹ, ಅದಕ್ಕೇ ಎಷ್ಟೋ ಕಾಲೇಜುಗಳಲ್ಲಿ ಸೊರೊರಿಟಿ ಮನೆಗಳಿಲ್ಲ" ಅನ್ನುವ ಫಾರ್ವರ್ಡ್ ಸುತ್ತುತ್ತಿದೆ. ಸೊರೊರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ.

ಇದು ಸುಳ್ಳು. ಒಬ್ಬರು ಆರು ಅಂದರೆ ಇನ್ನೊಬ್ಬರು ಎಂಟು ಅನ್ನುತ್ತಾರೆ, ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ?

ನಿಜವಾಗಿ ಇರುವುದು ಬೇರೆ. ಸಂಬಂಧಿಕರಲ್ಲದವರು ಒಂದು ಮನೆಯಲ್ಲಿ ಇಷ್ಟೇ ಜನ ಇರಬೇಕು ಅಂತ ಕೆಲವು ಊರುಗಳಲ್ಲಿ ನಿಯಮವಿದೆ, ಅದು ಹುಡುಗರಿಗೂ ಅನ್ವಯಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್‌ ಎಂಬ ಪುಟ್ಟ ಊರಿನಲ್ಲಿ ಆರು ವಿದ್ಯಾರ್ಥಿಗಳು ಬಾಡಿಗೆಗಿದ್ದ ಮನೆಯ ಜಗಳ ಸುಪ್ರೀಂ ಕೋರ್ಟ್ ಮುಟ್ಟಿ, 1974ರಲ್ಲಿ ಊರೇ ಗೆದ್ದಿತು. ಆ ಆರು ಜನರಲ್ಲಿ ಹುಡುಗರೂ ಇದ್ದರು. ವೇಶ್ಯಾಗೃಹದ ಮಾತೇ ಅಲ್ಲ.

ಇನ್ನು ಸೊರೊರಿಟಿ ಮನೆಗಳು ಇಲ್ಲವೇ? ಧಾರಾಳವಾಗಿವೆ. ಇಲಿನಾಯ್ ವಿಶ್ವವಿದ್ಯಾಲಯದ ಫೋರ್-ಎಚ್ ಹೌಸ್ 1934ರಿಂದ ನಡೆಯುತ್ತಿದೆ. ಅದು ಸಹಕಾರಿ ಸೊರೊರಿಟಿ. ಅಡುಗೆ, ಪಾತ್ರೆ, ಕಸ ಗುಡಿಸುವುದು ಎಲ್ಲಾ ಹುಡುಗಿಯರೇ ಹಂಚಿಕೊಂಡು ಮಾಡುತ್ತಾರೆ, ಕೆಲಸದವರಿಗೆ ಕೊಡುವ ದುಡ್ಡು ಉಳಿಯುವುದರಿಂದ ಖರ್ಚೂ ಕಮ್ಮಿ. ಅಲ್ಲಿನ ಹುಡುಗಿಯರಿಗೆ ತಲೆಬಿಸಿ ಆಗುವುದು ಕಾನೂನಿಂದಲ್ಲ, ಸಿಂಕ್ ತುಂಬಾ ಬಿದ್ದಿರುವ ಪಾತ್ರೆ ಇವತ್ತು ಯಾರ ಸರದಿ ಅನ್ನುವುದರಿಂದ.