ಹಳೇ ನೀರು

ನಿನ್ನೆ ರಾತ್ರಿ ಎರಡೂವರೆಗೆ ನಮ್ಮ ಓಣಿಗೆ ನೀರು ಬಂದಿತು. ಹುಬ್ಬಳ್ಳಿಯವರಿಗೆ ಈ ವಾಕ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಟು ದಿನಗಳ ಮೇಲೆ ನಳ ಕೆಮ್ಮಿದ ಸಪ್ಪಳಕ್ಕೆ ಮನೆಮಂದಿಯೆಲ್ಲ ಎದ್ದೆವು. ನಾನು ಕತ್ತಲಲ್ಲಿ ಪೈಪು ಹುಡುಕುವಷ್ಟರಲ್ಲಿ ಅವ್ವ ತುಂಬಿದ ಎರಡು ಕೊಡಗಳನ್ನೂ ಒಂದು ಹಂಡೆಯನ್ನೂ ಗಟಾರಕ್ಕೆ ಬಗ್ಗಿಸಿ ಮುಗಿಸಿದ್ದಳು. ಅದು ‘ಹಳೇ ನೀರು’. ಹೊಸ ನೀರು ಬಂದ ಮೇಲೆ ಹಳೇ ನೀರು ಮನೆಯಲ್ಲಿರಬಾರದೆಂಬುದು ನಮ್ಮ ಓಣಿಯ ಕಾಯ್ದೆ. ಮೊಮ್ಮಗ ಎರಡನೆಯ ಸಲ ಕೈ ತೊಳೆದನೆಂದು ಮುಂಜಾನೆಯಷ್ಟೇ ಗದರಿದವಳೂ ಇದೇ ಅವ್ವ.

ನೀರಿನ ವಯಸ್ಸಿನ ಕುರಿತು ನಾನು ಅವಳೊಡನೆ ವಾದಿಸಿದ್ದೇನೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಆಷಾಢದ ಮಳೆಯನ್ನೇ ನಾವು ಚೈತ್ರದಲ್ಲಿಯೂ ಕುಡಿಯುತ್ತೇವೆ, ಅಲ್ಲಿ ಎಂಟು ತಿಂಗಳು ನಿಂತರೂ ಕೆಡದ ನೀರು ನಿನ್ನ ಕೊಡದಲ್ಲಿ ಎಂಟು ದಿನಕ್ಕೆ ಹೇಗೆ ಹಳಸುತ್ತದೆ ಎಂದು ಕೇಳಿದೆ.

“ಅಲ್ಲಿ ಎಲ್ಲವ್ವ ಕಾಯ್ತಾಳ. ಇಲ್ಲಿ ಕಾಯಾಕ ನೀ ಅದಿಯೇನ?” ಎಂದಳು.

ಕಾಯಲು ನಿಂತೆ. ಅಕ್ಕಿ ತೊಳೆದ ನೀರನ್ನು ತುಳಸಿಗೂ ಕಾಯಿಪಲ್ಲೆ ತೊಳೆದದ್ದನ್ನು ಕರಿಬೇವಿಗೂ ಹಾಕಿದೆ. ಬಟ್ಟೆ ಒಗೆಯುವ ಮಷೀನು ಹೊರಹಾಕುವ ನೀರನ್ನು ಬಕೀಟುಗಳಲ್ಲಿ ಹಿಡಿದು, ನೆಲ ಒರೆಸಲು ಮತ್ತು ಪಾಯಖಾನೆಗೆ ಸುರಿಯಲು ಬಚ್ಚಲಿನಲ್ಲಿ ಸಾಲಾಗಿ ಇಟ್ಟೆ. ಅವ್ವನ ಕಣ್ಣು ತಪ್ಪಿಸಲು ಮುಚ್ಚಳವನ್ನೂ ಮುಚ್ಚಿದೆ. ಎಡವಿದ್ದು ಅಲ್ಲಿಯೇ, ಮುಚ್ಚಿಟ್ಟ ನೀರೆಂದರೆ ಒಳ್ಳೆಯ ನೀರೆಂದೇ ನಮ್ಮ ಕಡೆಯವರು ನಂಬುತ್ತಾರೆ.

ಹೋದ ವಾರ ಗದಗಿನಿಂದ ಸೋದರಮಾವ ಬಂದರು. ಅವರ ಮನೆಯ ಬೋರ್‌ವೆಲ್ಲಿನ ನೀರಿನಲ್ಲಿ ಸುಣ್ಣದಂಶ ಎಷ್ಟೆಂದರೆ ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟುತ್ತದೆ, ಸಬಕಾರವನ್ನು ಅರ್ಧ ಸವೆಸಿದರೂ ನೊರೆ ಏಳುವುದಿಲ್ಲ. ಅಂಥ ನೀರಿನಲ್ಲಿ ಅರವತ್ತು ವರ್ಷ ಮಿಂದ ಜೀವ ನಮ್ಮ ಬಚ್ಚಲಿಗೆ ಹೋಗಿ ಮುಕ್ಕಾಲು ತಾಸಾದರೂ ಹೊರಬರಲಿಲ್ಲ. ಒಳಗಿನಿಂದ ಮೊದಲು ವಚನ, ಆಮೇಲೆ ಭಜನೆ ಕೇಳಿಸಿತು. ಕೊನೆಗೆ ಟಾವೆಲ್ ಸುತ್ತಿಕೊಂಡು ಹೊರಬಂದವರು ಹೊಸ ಅಂಗಿಯ ಹಾಗೆ ಘಮಘಮಿಸುತ್ತಿದ್ದರು.

“ತಂಗೀ, ಏನ್ ನೀರ ಇದು! ಸಬಕಾರ ಮುಟ್ಟೇ ಇಲ್ಲ ನಾ, ಮೈಮ್ಯಾಲ ಸುರಕೊಂಡ್ರ ಸಾಕು, ತಾನ ನೊರಿ ಬರತೈತಿ. ಮಲಪ್ರಭಾ ಅಂದ್ರ ಮಲಪ್ರಭಾ!”

ನಾನು ಬಾಯಿ ತೆರೆದೆ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನನ್ನ ಕಾಲು ತುಳಿದಳು. ನಾಲ್ಕು ಬಕೀಟುಗಳಲ್ಲಿ ಉಳಿದದ್ದು ಎರಡು. ನನ್ನ ಎರಡು ಪ್ಯಾಂಟು, ಒಂದು ಚಾದರ ಮತ್ತು ಮಗನ ಶಾಲೆಯ ಸಾಕ್ಸುಗಳ ಸಾರವನ್ನು ಮಾವ ಪ್ರೀತಿಯಿಂದ ಮೈಗೆ ತಿಕ್ಕಿಕೊಂಡಿದ್ದರು. ತುರಿಕೆ ಏಳಬಹುದೆಂದು ಎರಡು ದಿನ ಹೆದರಿದೆ, ಏಳಲಿಲ್ಲ.

ಅಣ್ಣನನ್ನು ಬಸ್ಸು ಹತ್ತಿಸಿ ಬಂದ ಸಂಜೆ ಅವ್ವ ತವರಿನ ಮಾತು ತೆಗೆದಳು. ಅಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ ಹರಿಯುತ್ತಿತ್ತಂತೆ, ಮುಸುರೆ ಎಮ್ಮೆಗೆ ಹೋಗುತ್ತಿತ್ತಂತೆ, ಚೆಲ್ಲಲು ಗಟಾರವೇ ಇರಲಿಲ್ಲವಂತೆ. ಬಾಳೆಯೂ ಎಮ್ಮೆಯೂ ಇಲ್ಲದ ಈ ಓಣಿಗೆ ಸೊಸೆಯಾಗಿ ಬಂದವಳಿಗೆ ಹಳೇ ನೀರನ್ನು ಎಲ್ಲಿಗೆ ಕಳಿಸಬೇಕೆಂದು ಯಾರೂ ತೋರಿಸಿಕೊಡಲಿಲ್ಲವೇನೋ.

ನಿನ್ನೆ ಕೊಡ, ಹಂಡೆಗಳನ್ನೆಲ್ಲ ಬರಿದು ಮಾಡಿದರೂ ಅವಳು ಮಷೀನಿನ ಬಕೀಟುಗಳನ್ನು ಮಾತ್ರ ಮುಟ್ಟಲಿಲ್ಲ. ರವಿವಾರ ಮಾವ ಅತ್ತೆಯನ್ನೂ ಕರೆದುಕೊಂಡು ಬರುತ್ತಾರಂತೆ, ತಲೆ ಎರೆಸಲು.