ನಮ್ಮೂರಿನ ಮಧ್ಯರಾತ್ರಿ ಹನ್ನೆರಡಕ್ಕಲ್ಲ

ಫೆಬ್ರವರಿಯಲ್ಲಿ ನನಗೆ ಒಂದು ರೈಲು ತಪ್ಪಿತು. ಐದು ಹತ್ತು ನಿಮಿಷದಲ್ಲಿ ಅಲ್ಲ, ಪೂರ್ತಿ ಒಂದು ದಿನದಲ್ಲಿ. ಟಿಕೆಟ್‌ನಲ್ಲಿ 12ನೇ ತಾರೀಕು, 00:25 ಎಂದಿತ್ತು. ನಾನು 12ರ ರಾತ್ರಿ ಊಟ ಮುಗಿಸಿ, ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ಎರಡು ಸಲ ನೋಡಿ, ಹೆಂಡತಿ ಮತ್ತು ಎರಡು ಬ್ಯಾಗ್ ಸಮೇತ ರಿಕ್ಷಾ ಹತ್ತಿ ಉಡುಪಿಯ ಇಂದ್ರಾಳಿ ಸ್ಟೇಷನ್‌ಗೆ ಹೋದೆ. ಹನ್ನೊಂದೂವರೆಗೇ ಹೋಗಿ ಕೂತೆ. ನನಗೆ ಬೇಗ ಹೋಗುವ ಚಟ.

ಬೆಂಚಿನಲ್ಲಿ ಪಕ್ಕದಲ್ಲಿದ್ದ ಹಿರಿಯರು ಮಾತಿಗೆ ಮಾತು ಬಂದು ನನ್ನ ಮೊಬೈಲ್ ನೋಡಿದರು. ಕನ್ನಡಕ ಮೇಲೆ ಮಾಡಿ ಇನ್ನೊಮ್ಮೆ ನೋಡಿದರು. "ಇದು ನಿನ್ನೆ ರಾತ್ರಿಯೇ ಹೋಯ್ತಲ್ಲ ಮಾರಾಯ್ರೆ" ಎಂದರು.

ಸ್ವಲ್ಪ ಹೊತ್ತಿನಲ್ಲಿ ರೈಲೇನೋ ಬಂತು. ಅದೇ ನಂಬರು, ಅದೇ ಬೋಗಿ. ಆದರೆ ಅದು 13ರ ರೈಲು. ನಮ್ಮದು ಹಿಂದಿನ ರಾತ್ರಿ, ನಾವು ಮನೆಯಲ್ಲಿ ಫ್ಯಾನ್ ಹಾಕಿ ಮಲಗಿದ್ದಾಗ ಹೋಗಿಯಾಗಿತ್ತು. ಹೆಂಡತಿ ಹೇಳಿದ್ದು ಒಂದೇ ಮಾತು: "ನಿಮಗೆ ಗಡಿಯಾರ ನೋಡ್ಲಿಕ್ಕೆ ಬರ್ತದೆ, ಕ್ಯಾಲೆಂಡರ್ ನೋಡ್ಲಿಕ್ಕೆ ಬರುದಿಲ್ಲ." ವಾಪಸ್ ಹೋಗುವಾಗ ಅದೇ ರಿಕ್ಷಾದವರೇ ಸಿಗಬೇಕಾ!

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ಆವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಾ ಇದೆ. ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ ಎಂದು ನಮ್ಮಲ್ಲಿ ಯಾರಾದರೂ ನಿಜಕ್ಕೂ ಒಪ್ಪಿದ್ದೇವಾ? ನಡುರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿ ಎಚ್ಚರವಾದರೆ ಬೆಳಿಗ್ಗೆ ಏನು ಹೇಳುತ್ತೇವೆ? "ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು" ಎನ್ನುತ್ತೇವೆ. ಕ್ಯಾಲೆಂಡರ್ ಪ್ರಕಾರ ಅದು ಇವತ್ತು. ಆದರೆ "ಇವತ್ತು ಎರಡು ಗಂಟೆಗೆ" ಎಂದರೆ ಕೇಳಿದವರು ಮಧ್ಯಾಹ್ನ ಎಂದುಕೊಳ್ಳುತ್ತಾರೆ. ಭಾಷೆ ಇನ್ನೂ ಹನ್ನೆರಡಕ್ಕೆ ಒಗ್ಗಿಕೊಂಡಿಲ್ಲ.

ನಮ್ಮ ಕಡೆಯ ಯಕ್ಷಗಾನ ಆಟದ ಹ್ಯಾಂಡ್‌ಬಿಲ್ ನೋಡಿ. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಆಟ ಎಂದು ಹಾಕಿರುತ್ತಾರೆ. ಬಣ್ಣದ ವೇಷ ಅಬ್ಬರಿಸಿಕೊಂಡು ಬರುವಾಗ ಗಡಿಯಾರದಲ್ಲಿ ಭಾನುವಾರ ಆಗಿರುತ್ತದೆ. ಮಂಗಳ ಹಾಡುವಾಗ ಪೂರ್ವದಲ್ಲಿ ಬೆಳಕು. ಆದರೂ ಅದು ಶನಿವಾರದ ಆಟವೇ. ಚಾಪೆ ಮಡಚಿಕೊಂಡು ಇಬ್ಬನಿ ಬಿದ್ದ ಗದ್ದೆಯ ಬದುವಿನಲ್ಲಿ ಮನೆಗೆ ನಡೆಯುವಾಗ ಮಾತ್ರ ಭಾನುವಾರ ಶುರುವಾಗುತ್ತಿತ್ತು. ಈಗ ಕಾಲಮಿತಿ ಪ್ರಯೋಗಗಳು ಜಾಸ್ತಿಯಾಗಿ ಹನ್ನೆರಡೂವರೆ, ಒಂದು ಗಂಟೆಗೆ ಮುಗಿಯುವುದುಂಟು. ಬೆಳಗಿನ ಕೆಲಸಕ್ಕೆ ಹೋಗುವವರಿಗೆ ಒಳ್ಳೆಯದೇ. ನನಗೆ ಮಾತ್ರ ಕತ್ತಲೆಯಲ್ಲೇ ಮುಗಿದ ಆಟ ಅರ್ಧಕ್ಕೆ ಎದ್ದು ಬಂದ ಹಾಗೆ ಅನಿಸುತ್ತದೆ.

ಇದೇ ಸಮಸ್ಯೆ ಖಗೋಳ ವಿಜ್ಞಾನಿಗಳಿಗೂ ಇತ್ತು ಎಂದು ತಿಳಿದಾಗ ನನಗೆ ಭಾರೀ ಸಮಾಧಾನವಾಯಿತು. ಅವರದ್ದೂ ರಾತ್ರಿ ಕೆಲಸ. ನಕ್ಷತ್ರ ನೋಡುತ್ತಾ ಕೂತಾಗ ನಡುವೆ ತಾರೀಕು ಬದಲಾದರೆ ಒಂದೇ ರಾತ್ರಿಯ ಲೆಕ್ಕ ಎರಡು ದಿನಕ್ಕೆ ಹಂಚಿಹೋಗುತ್ತದೆ. ಅದಕ್ಕೆ ಅವರು ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸುತ್ತಿದ್ದರು. ಇದನ್ನು ಬಿಟ್ಟು ಎಲ್ಲರ ಹಾಗೆ ಮಧ್ಯರಾತ್ರಿಗೆ ಬಂದದ್ದು 1925ರ ಜನವರಿ 1ರಿಂದ. ಆದರೂ ಅವರು ಬಳಸುವ ಜೂಲಿಯನ್ ದಿನಗಳ ಎಣಿಕೆ ಇಂದಿಗೂ ಮಧ್ಯಾಹ್ನಕ್ಕೇ ಶುರುವಾಗುತ್ತದೆ. ಆಟ ನೋಡುವವರೂ ನಕ್ಷತ್ರ ನೋಡುವವರೂ ಒಂದೇ ಪಂಗಡ!

ಮನೆಯಲ್ಲಿ ಅಮ್ಮನ ಲೆಕ್ಕವೇ ಬೇರೆ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ನನ್ನ ಅಕ್ಕ ಹುಟ್ಟಿದ್ದು ನಸುಕಿನ ಮೂರು ಗಂಟೆಗೆ. ಜಾತಕದಲ್ಲಿ ಸೋಮವಾರ, ಜನನ ಪತ್ರದಲ್ಲಿ ಮಂಗಳವಾರ. ಮದುವೆಯ ಮಾತುಕತೆಯ ಸಮಯದಲ್ಲಿ ಗಂಡಿನ ಕಡೆಯವರು "ಇದೆಂತ ಎರಡೆರಡು ವಾರ?" ಎಂದು ಕೇಳಿದ್ದರು. ಅಜ್ಜ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಒಂದು ಸೂರ್ಯನದ್ದು, ಒಂದು ಸರಕಾರದ್ದು" ಎಂದರಂತೆ. ಅಲ್ಲಿಗೆ ವಿಷಯ ಮುಗಿಯಿತು.

ಏಕಾದಶಿ ಬಂತೆಂದರೆ ಇನ್ನೂ ಮಜಾ. ತಿಥಿ ಎಂಬುದು ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಹೊತ್ತು. ಅದು ಕೆಲವು ಸಲ 20 ಗಂಟೆಗೇ ಮುಗಿಯುತ್ತದೆ, ಕೆಲವು ಸಲ 26 ಗಂಟೆಯನ್ನೂ ದಾಟುತ್ತದೆ. ಹಾಗಾಗಿ ಯಾವ ದಿನದ್ದು ಯಾವ ತಿಥಿ ಎಂದು ತೀರ್ಮಾನ ಮಾಡಲು ಒಂದು ಗೆರೆ ಬೇಕು. ಸ್ಮಾರ್ತರು ಸೂರ್ಯೋದಯದಲ್ಲಿ ಗೆರೆ ಎಳೆಯುತ್ತಾರೆ. ನಮ್ಮ ಮಾಧ್ವರ ಮನೆಗಳಲ್ಲಿ ಅರುಣೋದಯದಲ್ಲಿ, ಅಂದರೆ ಸೂರ್ಯ ಹುಟ್ಟುವುದಕ್ಕೆ ನಾಲ್ಕು ಘಳಿಗೆ ಮುಂಚೆ. ಘಳಿಗೆಗೆ 24 ನಿಮಿಷ, ಒಟ್ಟು 96 ನಿಮಿಷ. ಆ ಹೊತ್ತಿಗೆ ದಶಮಿ ಚೂರು ಉಳಿದಿದ್ದರೂ ಆವತ್ತು ಉಪವಾಸ ಇಲ್ಲ, ಮರುದಿನ. ಹಾಗಾಗಿ ಕೆಲವು ತಿಂಗಳು ಪಕ್ಕದ ಮನೆಯವರು ಒಣಗಿದ ಮುಖದಲ್ಲಿ ಕೂತಿರುವಾಗ ನಮ್ಮಲ್ಲಿ ಹುಳಿ, ಪಲ್ಯ ಜೋರು. ಮರುದಿನ ಅವರಲ್ಲಿ ಒಗ್ಗರಣೆಯ ಪರಿಮಳ, ನಮ್ಮಲ್ಲಿ ಅಡುಗೆಮನೆ ತಣ್ಣಗೆ. ಚಿಕ್ಕವನಿದ್ದಾಗ ಎರಡೂ ದಿನ ಊಟ ಗಿಟ್ಟಿಸುವ ಉಪಾಯ ನನಗೆ ಗೊತ್ತಿತ್ತು.

ಮಂಗಳೂರಿನಲ್ಲಿ ನಾನು ಕೆಲಸ ಮಾಡುವಾಗ ಆಫೀಸಿನಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಗೆಳೆಯ ಇದ್ದ. ಅವನಿಗೆ ಗುರುವಾರ ಸೂರ್ಯ ಮುಳುಗಿದ ಕೂಡಲೇ ಶುಕ್ರವಾರ. ಪಕ್ಕದ ಮೇಜಿನ ಕ್ಯಾಥೊಲಿಕ್ ಬಾಯಿಯವರು ಶನಿವಾರ ಸಂಜೆಯ ಪೂಜೆಗೆ ಹೋಗಿ ಬಂದರೆ ಭಾನುವಾರದ ಪೂಜೆ ಸಂದಾಯವಾಯಿತು. ನನ್ನದು ಬೆಳಿಗ್ಗೆಯಿಂದ. ಮೂವರಿಗೂ ಸಂಬಳ ಮಾತ್ರ ಒಂದೇ ತಾರೀಕಿಗೆ.

ಮಧ್ಯರಾತ್ರಿಯ ದಿನ ಬ್ರಿಟಿಷರು ತಂದ ರೋಗ ಎಂದು ಬೈಯುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸರಿಯಲ್ಲ. ನಮ್ಮ ಆರ್ಯಭಟನೇ ಎರಡು ಲೆಕ್ಕ ಕೊಟ್ಟಿದ್ದ. ಒಂದರಲ್ಲಿ ದಿನ ಸೂರ್ಯೋದಯಕ್ಕೆ ಶುರು, ಇನ್ನೊಂದರಲ್ಲಿ ಮಧ್ಯರಾತ್ರಿಗೆ. ಗಣಿತ ಮಾಡುವವನಿಗೆ ಮಧ್ಯರಾತ್ರಿ ಸಲೀಸು. ಸೂರ್ಯೋದಯವಾದರೋ ಊರಿಗೊಂದು ಹೊತ್ತು, ದಿನಕ್ಕೊಂದು ಹೊತ್ತು. ಹಾಗಾಗಿ ನನ್ನ ಜಗಳ ಮಧ್ಯರಾತ್ರಿಯ ಮೇಲಲ್ಲ. ಯಾರ ಮಧ್ಯರಾತ್ರಿ ಎನ್ನುವುದರ ಮೇಲೆ.

ನಮ್ಮ ಗಡಿಯಾರ ತೋರಿಸುವುದು ಉಡುಪಿಯ ಹೊತ್ತಲ್ಲ. 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರದ್ದು. 1906ರ ಜನವರಿ 1ರಂದು ಬಂದ ಏರ್ಪಾಡು. ಉಡುಪಿ, ಮಂಗಳೂರು ಇರುವುದು 75 ಡಿಗ್ರಿಗಿಂತ ಸ್ವಲ್ಪ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷದ ಹಾಗೆ ನಮ್ಮ ಸೂರ್ಯ ಸರಿಸುಮಾರು ಅರ್ಧ ಗಂಟೆ ಲೇಟು. ಏಪ್ರಿಲ್ 24ರ ಹೊತ್ತಿಗೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬಂದು ನೆರಳು ಮಾಯವಾಗುತ್ತದೆ, ಉಡುಪಿಯಲ್ಲಿ ಒಂದು ದಿನ ಕಳೆದು. ನಾನು ಅಂಗಳದಲ್ಲಿ ಸ್ಟೀಲ್ ಲೋಟ ಕವುಚಿಟ್ಟು ಕಾದಿದ್ದೇನೆ. ಹನ್ನೆರಡಕ್ಕೆ ಲೋಟದ ಪಕ್ಕದಲ್ಲಿ ಇನ್ನೂ ಒಂದು ಸಣ್ಣ ಕಪ್ಪು ಅಂಚು ಇರುತ್ತದೆ. ಅದು ಸಣ್ಣದಾಗುತ್ತಾ ಆಗುತ್ತಾ ಲೋಟದ ಅಡಿಗೆ ಹೋಗಿ ಅಡಗುವಾಗ ಗಡಿಯಾರದಲ್ಲಿ 12 ಗಂಟೆ 29 ನಿಮಿಷ. ಬರಿಗಾಲಲ್ಲಿ ನಿಂತಿದ್ದರೆ ಅಂಗಾಲು ಹೇಳುತ್ತದೆ, ಇದೇ ನಡುಹಗಲು ಎಂದು.

ನಡುಹಗಲು ಹನ್ನೆರಡೂವರೆಗೆ ಎಂದಾದರೆ ನಡುರಾತ್ರಿಯೂ ಹನ್ನೆರಡೂವರೆಗೇ ಅಲ್ವಾ? ಅದೂ ವರ್ಷವಿಡೀ ಒಂದೇ ಅಲ್ಲ. ಭೂಮಿಯ ದಾರಿ ಸರಿಯಾದ ವೃತ್ತವಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ಗಡಿಯಾರಕ್ಕಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ. ನವೆಂಬರ್ ಶುರುವಿನಲ್ಲಿ ನಮ್ಮ ನಡುರಾತ್ರಿ 12.15ರ ಹತ್ತಿರ. ಫೆಬ್ರವರಿ ಎರಡನೇ ವಾರದಲ್ಲಿ 12.45.

ಈಗ ನನ್ನ ರೈಲಿಗೆ ಬನ್ನಿ. ಫೆಬ್ರವರಿ 12, 00:25. ಉಡುಪಿಯ ಸೂರ್ಯನ ಪ್ರಕಾರ ಆವತ್ತು ನಡುರಾತ್ರಿ ಆಗಲು ಇನ್ನೂ 20 ನಿಮಿಷ ಬಾಕಿ! ಅಂದರೆ ಆ ರೈಲು 11ನೇ ತಾರೀಕಿನದ್ದು. ಟಿಕೆಟ್‌ನಲ್ಲಿ 12 ಎಂದು ಬರೆದದ್ದು ಮಿರ್ಜಾಪುರದ ಲೆಕ್ಕ. ಇದನ್ನು ಕಾಗದದ ಮೇಲೆ ಗೆರೆ ಹಾಕಿ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಟಿಕೆಟಿನ ದುಡ್ಡು ಮಿರ್ಜಾಪುರದವರು ಕೊಡ್ತಾರಾ?" ಎಂದು ಕೇಳಿ ಒಳಗೆ ಹೋದಳು.

ರೈಲಿನದ್ದು ತಮಾಷೆ. ದುಡ್ಡಿನ ವಿಷಯದಲ್ಲಿ ಈ ಮಧ್ಯರಾತ್ರಿ ಅಷ್ಟು ತಮಾಷೆಯಲ್ಲ. ಎರಡು ವರ್ಷದ ಹಿಂದೆ ನಮ್ಮ ಅತ್ತೆಯನ್ನು ಒಂದು ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ಅಡ್ಮಿಟ್. ನಾಡಿದ್ದು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಡಿಸ್ಚಾರ್ಜ್. ಒಟ್ಟು 35 ಗಂಟೆ. ಬಿಲ್ಲಿನಲ್ಲಿ ರೂಮಿನ ಬಾಡಿಗೆ ಮೂರು ದಿನದ್ದು. ಮೊದಲನೇ "ದಿನ" ಇದ್ದದ್ದು ನಲವತ್ತು ನಿಮಿಷ. ಅದರಲ್ಲೂ ಅರ್ಧ ಲಿಫ್ಟಿನ ಎದುರು ಸ್ಟ್ರೆಚರ್‌ನಲ್ಲಿ ಕಳೆದಿತ್ತು. ಕೌಂಟರಿನ ಹುಡುಗಿ ಪಾಪ, ಒಳ್ಳೆಯ ಮಾತಿನವಳು. ಬಿಲ್ಲಿನ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದಳು. "ದಿನ ಅಲ್ಲ ಸರ್, ಡೇಟ್. ಮೂರು ಡೇಟ್ ಆಗ್ತದಲ್ಲ."

ಅವಳು ಹೇಳಿದ್ದೇ ನಿಜವಾದ ಮಾತು. ದಿನ ಬೇರೆ, ಡೇಟ್ ಬೇರೆ. ದಿನಕ್ಕೆ ಉದ್ದ ಇರುತ್ತದೆ. ಡೇಟಿಗೆ ಉದ್ದ ಇಲ್ಲ, ನಂಬರ್ ಮಾತ್ರ. ಬಾಡಿಗೆ ತೆಗೆದುಕೊಳ್ಳುವಾಗ ಡೇಟ್ ಲೆಕ್ಕ, ಬೋರ್ಡಿನಲ್ಲಿ ಬರೆಯುವಾಗ "ದಿನಕ್ಕೆ ಇಷ್ಟು" ಎಂಬ ಲೆಕ್ಕ. ನನ್ನ ತಕರಾರು ಇದೊಂದೇ. ನಮ್ಮ ತೋಟದ ಕೆಲಸಕ್ಕೆ ಬರುವವರು ಮಧ್ಯಾಹ್ನ ಹೊರಟರೆ ಅರೆ ದಿನದ ಸಂಬಳ ತೆಗೆದುಕೊಂಡು ಹೋಗುತ್ತಾರೆ. ಅಷ್ಟು ನ್ಯಾಯ ದೊಡ್ಡ ಕಟ್ಟಡದವರಿಗೆ ಯಾಕೆ ಕಷ್ಟ? ಹಿಂದೆ 24 ಗಂಟೆಯ ಲೆಕ್ಕದ ಲಾಡ್ಜ್‌ಗಳು ಎಷ್ಟೋ ಇದ್ದವು. ಬಂದ ಹೊತ್ತನ್ನು ದಪ್ಪ ಲೆಡ್ಜರ್‌ನಲ್ಲಿ ಬರೆಯುತ್ತಿದ್ದರು, ಅಷ್ಟೇ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆಗುತ್ತಿದ್ದದ್ದು ಈಗ ಆಗುವುದಿಲ್ಲವಂತೆ.

ಗಡಿಯಾರಕ್ಕೆ ಕ್ಯಾರೇ ಅನ್ನದ ದಿನ ನೋಡಬೇಕಾದರೆ ಕೋಡಿಬೆಂಗ್ರೆಗೆ ಹೋಗಬೇಕು. ಸುವರ್ಣಾ, ಸೀತಾ ಹೊಳೆಗಳು ಸಮುದ್ರ ಸೇರುವ ಜಾಗ. ಇಳಿತದ ಹೊತ್ತಿಗೆ ಮರುವಾಯಿ ಎಂಬ ಚಿಪ್ಪು ಹೆಕ್ಕಲು ಹೆಂಗಸರು ನೀರಿಗೆ ಇಳಿದಿರುತ್ತಾರೆ. ಸೊಂಟದವರೆಗೆ ನೀರು, ಪಕ್ಕದಲ್ಲಿ ತೇಲುವ ಒಂದು ಪಾತ್ರೆ. ಕಾಲಿನಲ್ಲೇ ಮರಳು ಕೆದಕಿ, ಬಗ್ಗಿ ಕೈ ಹಾಕಿ, ತೆಗೆದು ಪಾತ್ರೆಗೆ ಟಕ್ ಎಂದು ಹಾಕುವುದು. ಒಬ್ಬರನ್ನು ಕೇಳಿದೆ, "ಅಕ್ಕ, ನಾಳೆಯೂ ಇದೇ ಹೊತ್ತಿಗಾ?" ಅವರು ನೀರನ್ನೇ ನೋಡುತ್ತಾ, "ಇವತ್ತು ಎಂಟಕ್ಕೆ ಇಳಿದ್ರೆ ನಾಳೆ ಒಂಬತ್ತರ ಹತ್ರ ಆಗ್ತದೆ" ಎಂದರು. ಚಂದ್ರ ನಮ್ಮ ನೆತ್ತಿಗೆ ಮರಳಿ ಬರಲು ಸುಮಾರು 24 ಗಂಟೆ 50 ನಿಮಿಷ ಬೇಕು. ಅವರ ದಿನ ಅಷ್ಟುದ್ದ.

ಈ ಉಬ್ಬರ ಇಳಿತವೇ ನಮ್ಮ ದಿನವನ್ನೂ ಎಳೆಯುತ್ತಾ ಇದೆ. ನೀರು ತಳಕ್ಕೆ ಉಜ್ಜಿ ಉಜ್ಜಿ ಭೂಮಿಯ ತಿರುಗುವಿಕೆ ನಿಧಾನವಾಗುತ್ತದೆ. ನೂರು ವರ್ಷಕ್ಕೆ ದಿನ ಉದ್ದವಾಗುವುದು ಒಂದು ಸೆಕೆಂಡಿನ ಸಾವಿರದಲ್ಲಿ ಸುಮಾರು ಎರಡು ಪಾಲು. ಬಹಳ ಹಿಂದಿನ, ಸುಮಾರು 38 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನದಿನದ ಬೆಳವಣಿಗೆಯ ಗೆರೆ ಎಣಿಸಿದರೆ ವರ್ಷಕ್ಕೆ 400ರ ಹತ್ತಿರ ದಿನ ಸಿಗುತ್ತದೆ. ಆಗ ದಿನ ಎಂದರೆ 22 ಗಂಟೆ. ಭೂಮಿಯ ಈ ಏರುಪೇರನ್ನು ಸರಿದೂಗಿಸಲು 1972ರಿಂದ ಗಡಿಯಾರಕ್ಕೆ ಆಗಾಗ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ. ಇಲ್ಲಿಯವರೆಗೆ 27 ಸಲ. ಕೊನೆಯದ್ದು ನಮ್ಮಲ್ಲಿ ಬಂದದ್ದು 2017ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಸ್ವಲ್ಪ ಮುಂಚೆ. ಆ ಸೆಕೆಂಡ್ ನಾನು ಮಲಗಿಯೇ ಕಳೆದೆ. ಅಮ್ಮ ಎದ್ದು ಅಂಗಳಕ್ಕೆ ನೀರು ಹಾಕುತ್ತಿದ್ದಿರಬೇಕು.

ಮೇ ತಿಂಗಳಿಗೆ ಇನ್ನೊಂದು ಟಿಕೆಟ್ ಮಾಡಿಸಿದ್ದೇವೆ. ಅದೇ ರೈಲು, 00:25. ಈ ಸಲ ಹೆಂಡತಿ ಗೋಡೆಯ ಕ್ಯಾಲೆಂಡರ್‌ನಲ್ಲಿ, ಟಿಕೆಟಿನ ತಾರೀಕಿನ ಹಿಂದಿನ ಚೌಕದಲ್ಲಿ, ಹಾಲಿನ ಲೆಕ್ಕದ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ: "ಇವತ್ತು ರಾತ್ರಿ ಊಟ ಮಾಡಿ ಹೊರಡುವುದು."