ಫೈಬರ್ ಬೇಕಾದರೆ ಮೊದಲು ಮನೆ ಲೆಕ್ಕ ಹಾಕಿ

"ನಮ್ಮ ಕಡೆಗೆ ಫೈಬರ್ ಇಂಟರ್ನೆಟ್ ಯಾಕೆ ಬಂದಿಲ್ಲ?" ಅಂತ ಯಾರಾದರೂ ಬೇಜಾರು ಮಾಡಿಕೊಂಡಾಗಲೆಲ್ಲ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಯವರಿಗೆ ಬೇಕು, ಲೆಕ್ಕ ಇದೆಯಾ? ಹೆಚ್ಚಿನವರ ಹತ್ತಿರ ಇರುವುದಿಲ್ಲ. "ಎಲ್ಲರಿಗೂ ಬೇಕು ಬಿಡಿ" ಅನ್ನುತ್ತಾರೆ. ಆ "ಎಲ್ಲರಿಗೂ" ಅನ್ನುವ ಮಾತನ್ನು ನಂಬಿ ಯಾವ ಕಂಪನಿಯೂ ನೆಲ ಅಗೆಯುವುದಿಲ್ಲ.

ನಾನೂ ಇದನ್ನು ತಡವಾಗಿಯೇ ಕಲಿತೆ. ಎರಡು ವರ್ಷ ಒಬ್ಬನೇ ಫೋನ್ ಮಾಡಿದೆ, ಮೇಲ್ ಬರೆದೆ. ಪ್ರತಿ ಸಲವೂ "ಸದ್ಯಕ್ಕೆ ಆ ಏರಿಯಾದಲ್ಲಿ ಪ್ಲಾನ್ ಇಲ್ಲ ಸರ್" ಅನ್ನುವ ಅದೇ ಉತ್ತರ. ಆಮೇಲೆ ನಾಲ್ಕು ಜನ ಸೇರಿ ಮೂರು ಭಾನುವಾರ ಮನೆ ಮನೆ ತಿರುಗಿ 64 ಮನೆಗಳ ಪಟ್ಟಿ ಮಾಡಿ ಕಳಿಸಿದೆವು. ಈ ಸಲ ಕಂಪನಿಯವರೇ ಫೋನ್ ಮಾಡಿದರು. ಕೇಳಿದ ಮೊದಲ ಪ್ರಶ್ನೆ: "ಈ ಮನೆಗಳು ಒತ್ತಾಗಿವೆಯಾ, ಅಲ್ಲೊಂದು ಇಲ್ಲೊಂದು ಇವೆಯಾ?"

ಯಾಕೆ ಹಾಗೆ ಕೇಳಿದರು ಅಂತ ಆಮೇಲೆ ಗೊತ್ತಾಯಿತು. ಫೈಬರ್ ಅಂದರೆ ಗಾಜಿನ ಎಳೆ. ಬೆಳಕು ಓಡುವ ಅದರ ನಡುಭಾಗ ಸುಮಾರು 9 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಗಾಜಿಗೆ ಅಂಥ ಖರ್ಚಿಲ್ಲ. ದುಡ್ಡು ಹೋಗುವುದು ನೆಲ ಅಗೆಯುವುದಕ್ಕೆ, ಪೈಪು ಹೂಳುವುದಕ್ಕೆ, ಕಂಬದಿಂದ ಕಂಬಕ್ಕೆ ಎಳೆಯುವುದಕ್ಕೆ, ಅನುಮತಿಗೆ, ಕೂಲಿಗೆ. ಒಂದು ಬೀದಿಯಲ್ಲಿ ಐದು ಮನೆಯವರು ಕನೆಕ್ಷನ್ ತಗೊಂಡರೂ ಐವತ್ತು ಮನೆಯವರು ತಗೊಂಡರೂ ಅಗೆಯುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ಅದೂ ಅಲ್ಲದೆ ಈಗ ಜಾಸ್ತಿ ಕಡೆ ಹಾಕುವ ಪದ್ಧತಿಯಲ್ಲಿ ದೊಡ್ಡ ಆಫೀಸಿನಿಂದ ಒಂದು ಎಳೆ ಹೊರಟು, ಬೀದಿಯ ಪೆಟ್ಟಿಗೆಯಲ್ಲಿರುವ ಸ್ಪ್ಲಿಟರ್‌ನಲ್ಲಿ 32 ಅಥವಾ 64 ಆಗಿ ಒಡೆದು ಮನೆಗಳಿಗೆ ಹೋಗುತ್ತದೆ. 32 ಮನೆಗೆ ಆಗುವ ಜಾಗದಲ್ಲಿ ಮೂರೇ ಮನೆ ಸೇರಿದರೆ ಹಾಕಿದ ದುಡ್ಡು ವಾಪಸ್ ಬರುವುದು ಯಾವಾಗ? ಅವರ ಲೆಕ್ಕ ಇಷ್ಟೇ. ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ, ಆ ಲೆಕ್ಕವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು.

ಅಮೆರಿಕದಲ್ಲಿ 2010ರಲ್ಲಿ ಏನಾಯಿತು ಗೊತ್ತಾ? ಒಂದು ಕಡೆ ಗಿಗಾಬಿಟ್ ಫೈಬರ್ (ಸೆಕೆಂಡಿಗೆ ಸಾವಿರ ಮೆಗಾಬಿಟ್ ಓಡುವಂಥದ್ದು) ಹಾಕುತ್ತೇವೆ, ಯಾರಿಗೆ ಬೇಕು ಹೇಳಿ ಅಂತ ಗೂಗಲ್ ಕರೆ ಕೊಟ್ಟಿತು. 1,100ಕ್ಕೂ ಹೆಚ್ಚು ಊರುಗಳು ಅರ್ಜಿ ಹಾಕಿದವು. ಕಾನ್ಸಾಸ್ ರಾಜ್ಯದ ಟೊಪೀಕಾ ಅನ್ನುವ ನಗರ ಆ ಮಾರ್ಚ್ ತಿಂಗಳ ಮಟ್ಟಿಗೆ ತನ್ನ ಹೆಸರನ್ನೇ 'ಗೂಗಲ್' ಅಂತ ಬದಲಿಸಿಕೊಂಡಿತು. ಕೊನೆಗೆ 2011ರಲ್ಲಿ ಆಯ್ಕೆಯಾದದ್ದು ಅದೇ ರಾಜ್ಯದ ಕಾನ್ಸಾಸ್ ಸಿಟಿ. ಆದರೆ ನನಗೆ ಮುಖ್ಯ ಅನ್ನಿಸಿದ್ದು 2012ರಲ್ಲಿ ನಡೆದದ್ದು. ಊರನ್ನು 202 ಬಡಾವಣೆಗಳಾಗಿ ಭಾಗ ಮಾಡಿ, ಇಷ್ಟು ಮನೆ ಮುಂಚಿತವಾಗಿ ಹೆಸರು ಕೊಟ್ಟರೆ ಮಾತ್ರ ಆ ಬಡಾವಣೆಗೆ ಫೈಬರ್ ಅಂತ ಷರತ್ತು ಹಾಕಿದರು. ಅನುಕೂಲಸ್ಥರ ಬಡಾವಣೆಗಳು ಬೇಗ ಬೇಗ ಭರ್ತಿಯಾದವು. ಬಡವರು ಜಾಸ್ತಿ ಇರುವ ಬಡಾವಣೆಗಳು ಹಿಂದೆ ಬಿದ್ದವು. ಯಾರಿಗೆ ನಿಜವಾಗಿ ಬೇಕಿತ್ತೋ ಅವರ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ! ಆಮೇಲೆ ಅಲ್ಲಿನ ಸಂಘಗಳವರು ಬಾಗಿಲು ಬಾಗಿಲು ತಟ್ಟಿ ಹೆಸರು ಬರೆಸಿದರು. ಕೊನೇ ದಿನದ ಹೊತ್ತಿಗೆ 180 ಬಡಾವಣೆ ಗುರಿ ಮುಟ್ಟಿದವು.

ಅದಕ್ಕೇ ಹೇಳುವುದು, ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ಮ್ ಹಾಕಿ ಸುಮ್ನೆ ಕೂತರೆ ಆಗದು. ಗ್ರೂಪಿನಲ್ಲಿ ಇಲ್ಲದವರ ಮನೆಗೆ ಮೊದಲು ಹೋಗಬೇಕು.

ನಾವು ಹೀಗೆ ತಿರುಗುವಾಗ ಒಬ್ಬರು ಅಜ್ಜ ಬಾಗಿಲಲ್ಲೇ ನಿಂತು "ನನಗ್ಯಾಕಪ್ಪಾ ಇದೆಲ್ಲ?" ಅಂದರು. ನಾನು ಎಂಬಿಪಿಎಸ್ಸು, ಡೌನ್‌ಲೋಡು ಅಂತ ಏನೇನೋ ಹೇಳಿದೆ. ಅವರು ಪಾಪ ತಲೆ ಆಡಿಸುತ್ತಿದ್ದರು ಅಷ್ಟೇ. ಜೊತೆಗಿದ್ದ ಗೆಳತಿ ನನ್ನನ್ನು ಪಕ್ಕಕ್ಕೆ ಸರಿಸಿ, "ಅಜ್ಜಾ, ಮಗಳು ವಿಡಿಯೋ ಕಾಲ್ ಮಾಡಿದಾಗ ಸರಿಯಾಗಿ ಕಾಣಿಸುತ್ತಾ?" ಅಂತ ಕೇಳಿದಳು. "ಕಾಣಿಸುತ್ತೆ ಕಣಮ್ಮಾ, ಆದ್ರೆ ಅವಳು ಬಾಯಿ ಆಡಿಸಿ ಎಷ್ಟೋ ಹೊತ್ತಾದ ಮೇಲೆ ಮಾತು ಕೇಳಿಸುತ್ತೆ" ಅಂದರು. ಸ್ವಲ್ಪ ಸುಮ್ಮನಿದ್ದು, ಪೆನ್ನು ಇಸ್ಕೊಂಡು ತಾವೇ ಹೆಸರು ಬರೆದರು. ಅವತ್ತಿನಿಂದ ನಾನು ಯಾರ ಮನೆಯಲ್ಲೂ ಸ್ಪೀಡಿನ ಮಾತು ಮೊದಲು ಎತ್ತಿಲ್ಲ. ನಿಮಗೆ ಏನು ತೊಂದರೆ ಆಗುತ್ತಿದೆ ಅಂತ ಕೇಳುತ್ತೇನೆ.

"ಮೊಬೈಲ್ ಡೇಟಾ ಇದೆಯಲ್ಲಾ, ಇದ್ಯಾಕೆ?" ಅನ್ನುವವರು ಸಿಕ್ಕೇ ಸಿಗುತ್ತಾರೆ. ಒಂದು ಟವರಿನ ಸಿಗ್ನಲ್ಲನ್ನು ಸುತ್ತಮುತ್ತಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ, ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ನಿಧಾನ ಆಗುವುದು ಅದಕ್ಕೇ. ಆ ಟವರಿಗೂ ಒಳ್ಳೇ ಸ್ಪೀಡ್ ಬೇಕಾದರೆ ಅದರ ಬುಡಕ್ಕೆ ಫೈಬರ್ ಬರಬೇಕು. ಇನ್ನು ಹಳೇ ತಾಮ್ರದ ಫೋನ್ ತಂತಿ ಉದ್ದವಾದಷ್ಟೂ ಸೊರಗುತ್ತದೆ, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ಆಚೆ ಇರುವವರಿಗೆ ಅದರ ಕಷ್ಟ ಗೊತ್ತು. ಫೈಬರ್ ಸಾಮಾನ್ಯವಾಗಿ 20 ಕಿಲೋಮೀಟರ್‌ವರೆಗೆ ನಡುವೆ ಕರೆಂಟೇ ಇಲ್ಲದೆ ಕೆಲಸ ಮಾಡುತ್ತದೆ. ಇವತ್ತು ಸುಮಾರು 2.5 ಗಿಗಾಬಿಟ್ ಓಡುವ ಅದೇ ಎಳೆಯಲ್ಲಿ, ಎರಡು ತುದಿಯ ಪೆಟ್ಟಿಗೆ ಬದಲಿಸಿದರೆ 10 ಗಿಗಾಬಿಟ್ ಓಡಿಸಬಹುದು. ಮತ್ತೆ ಅಗೆಯುವ ಕೆಲಸ ಇಲ್ಲ. ಗಾಜಿನ ಎಳೆಯಲ್ಲಿ ದೂರದವರೆಗೆ ಮಾತು ಕಳಿಸಬಹುದು ಅಂತ 1966ರಲ್ಲೇ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಸರಿ, ಪಟ್ಟಿ ಮಾಡಿದರೂ ಯಾವ ಕಂಪನಿಯೂ ಬರಲಿಲ್ಲ ಅಂದರೆ? ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಹಳ್ಳಿಗಳವರಿಗೆ ಹಾಗೇ ಆಯಿತು. ಮನೆಗಳು ದೂರ ದೂರ, ಯಾರಿಗೂ ಲಾಭ ಕಾಣಲಿಲ್ಲ. 2011ರಲ್ಲಿ ಅವರು ಬಿ4ಆರ್‌ಎನ್ (ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್) ಅನ್ನುವ ತಮ್ಮದೇ ಸಂಸ್ಥೆ ಕಟ್ಟಿದರು. ಊರಿನವರೇ ಷೇರು ತಗೊಂಡರು. ರೈತರು ತಮ್ಮ ಹೊಲದಲ್ಲಿ ಪೈಪು ಹೂಳುವುದಕ್ಕೆ ಬಾಡಿಗೆ ಕೇಳದೆ ಜಾಗ ಬಿಟ್ಟುಕೊಟ್ಟರು, ಎಷ್ಟೋ ಜನ ತಾವೇ ನಿಂತು ಅಗೆದರು. ಬ್ಯಾರಿ ಫೋರ್ಡ್ ಅನ್ನುವವರು ನೆಟ್‌ವರ್ಕಿನ ನಕ್ಷೆ ಹಾಕಿದರು. ಮುಂದೆ ನಿಂತು ಜನ ಸೇರಿಸಿದವರಲ್ಲಿ ಕ್ರಿಸ್ ಕಾಂಡರ್ ಅನ್ನುವ ರೈತ ಮಹಿಳೆ ಒಬ್ಬರು. ಅಲ್ಲಿ ಅಪ್‌ಲೋಡೂ ಡೌನ್‌ಲೋಡೂ ಒಂದೊಂದು ಗಿಗಾಬಿಟ್. ರಸ್ತೆ ಬಿಟ್ಟು ಹೊಲದ ಮಣ್ಣಲ್ಲಿ ಅಗೆದರೆ ಖರ್ಚು ಎಷ್ಟು ಇಳಿಯುತ್ತದೆ ಅನ್ನುವುದನ್ನು ಅವರು ಮಾಡಿ ತೋರಿಸಿದರು. ನನಗೆ ಇದನ್ನು ಓದಿದಾಗ ಮೈ ಜುಮ್ ಅಂದಿತ್ತು, ಈಗಲೂ ಅನ್ನುತ್ತದೆ.

ಒಂದು ಸಲ ಸೋತರೂ ಕೈ ಬಿಡಬೇಡಿ. ಅಮೆರಿಕದ ಕೊಲೊರಾಡೋ ರಾಜ್ಯದ ಲಾಂಗ್‌ಮಾಂಟ್ ನಗರದಲ್ಲಿ ಊರಿನದೇ ಇಂಟರ್ನೆಟ್ ಸೇವೆಗೆ 2009ರಲ್ಲಿ ಜನರ ಮತ ಕೇಳಿದರು, ಸೋತಿತು. 2011ರಲ್ಲಿ ಮತ್ತೆ ಕೇಳಿದರು, ಗೆದ್ದಿತು. ಅಲ್ಲಿನದೇ ಟೆನೆಸಿ ರಾಜ್ಯದ ಚಟ್ಟನೂಗಾ ನಗರದಲ್ಲಂತೂ ಊರಿನ ವಿದ್ಯುತ್ ಸಂಸ್ಥೆಯೇ 2010ರಲ್ಲಿ ಗಿಗಾಬಿಟ್ ಕೊಟ್ಟಿತು. ಅದೇ ಫೈಬರ್ ಬಳಸಿಕೊಂಡು ಕರೆಂಟ್ ಹೋದ ಲೈನನ್ನು ಪತ್ತೆ ಮಾಡಿ, ಬೇರೆ ದಾರಿಯಿಂದ ಕರೆಂಟ್ ಹರಿಸುವ ವ್ಯವಸ್ಥೆಯನ್ನೂ ಮಾಡಿಕೊಂಡಿತು.

ನಮ್ಮ ಪಟ್ಟಿ ಕಳಿಸಿ ಎಂಟು ತಿಂಗಳಾದ ಮೇಲೆ ಕೇಬಲ್ ಬಂತು. ಬೀದಿ ತಿರುವಿನಲ್ಲಿ ಒಬ್ಬ ಹುಡುಗ ಸ್ಟೂಲ್ ಮೇಲೆ ಕೂತು ಎಳೆ ಜೋಡಿಸುವುದನ್ನು ನಾನು ಪೂರ್ತಿ ಒಂದು ಗಂಟೆ ನಿಂತು ನೋಡಿದೆ. ಮೇಲಿನ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ಪುಟ್ಟ ಕಟರ್‌ನಲ್ಲಿ ತುದಿ ನೇರ ಮಾಡಿ, ಎರಡು ತುದಿಗಳನ್ನು ಮಷಿನ್‌ನಲ್ಲಿ ಎದುರುಬದುರು ಇಟ್ಟ. ಪರದೆಯಲ್ಲಿ ಅವು ಎರಡು ದಪ್ಪ ಕಂಬಗಳ ಹಾಗೆ ಕಾಣುತ್ತಿದ್ದವು. ಒಂದು ಕಿಡಿ. ಎರಡೂ ಒಂದೇ ಆಯಿತು, ಗೆರೆಯೂ ಉಳಿಯಲಿಲ್ಲ. "ಲಾಸ್ 0.02 ಸರ್, ಚೆನ್ನಾಗಿ ಕೂತಿದೆ" ಅಂತ ಹೇಳಿ (ಜೋಡಿಸಿದ ಕಡೆ ಬೆಳಕು ನಷ್ಟವಾಗುವುದು ತೀರಾ ಕಡಿಮೆ ಅಂತ), ಅದನ್ನು ಕಾಪಾಡುವ ಸ್ಲೀವ್ ಏರಿಸಿ ಬಿಸಿ ಮಾಡುವುದಕ್ಕೆ ಇಟ್ಟ. ಧೂಳು ಬೀಳದ ಹಾಗೆ ಇಬ್ಬರು ಪಕ್ಕದ ಮನೆಯವರು ಹಾಳೆ ಹಿಡಿದು ನಿಂತಿದ್ದರು.

ಈಗ ನಿಮ್ಮ ಕೆಲಸ. ನಾಲ್ಕು ಜನ ಸಾಕು. ಪಟ್ಟಿಯಲ್ಲಿ ಸುಳ್ಳು ಹೆಸರು ಸೇರಿಸಬೇಡಿ, ನಾಳೆ ಕನೆಕ್ಷನ್ ಕೊಡುವಾಗ ಬೇಡ ಅಂದರೆ ಮುಂದಿನ ಬೀದಿಯವರಿಗೂ ಕಲ್ಲು ಬೀಳುತ್ತದೆ. ಖಂಡಿತ ತಗೊಳ್ಳುತ್ತೇವೆ ಅನ್ನುವವರನ್ನೂ ನೋಡೋಣ ಅನ್ನುವವರನ್ನೂ ಬೇರೆ ಬೇರೆ ಬರೆಯಿರಿ. ಸಂಜೆ ಹೊತ್ತಿನ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ, ಅಪ್‌ಲೋಡ್ ಮರೆಯಬೇಡಿ. ಪಟ್ಟಿಯ ಜೊತೆ ಒಂದು ನಕ್ಷೆ ಇರಲಿ, ಮನೆಗಳಿಗೆ ಚುಕ್ಕಿ ಇಟ್ಟು. ಕಂಬಗಳು ಯಾರಿಗೆ ಸೇರಿದ್ದು ಅಂತ ಕೇಳಿ ತಿಳಿದುಕೊಳ್ಳಿ. ನೀರಿನ ಪೈಪಿಗೋ ಚರಂಡಿಗೋ ರಸ್ತೆ ಅಗೆಯುತ್ತಿದ್ದರೆ ಅವತ್ತೇ ಓಡಿ ಹೋಗಿ, ಒಂದು ಖಾಲಿ ಪೈಪನ್ನೂ ಜೊತೆಗೆ ಹಾಕಿ ಮುಚ್ಚಿ ಅಂತ ಕೇಳಿ. ಮುಂದೆ ಅದರೊಳಗೆ ಕೇಬಲ್ ತೂರಿಸಿದರೆ ಸಾಕು. ಬರೀ ಕಂಪನಿಗಳಿಗೆ ಅಲ್ಲ, ಸ್ಥಳೀಯ ಆಡಳಿತಕ್ಕೂ ಪಟ್ಟಿಯ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಈ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಒಂದು ಹಾಳೆ, ಎರಡು ಪೆನ್ನು ತಗೊಂಡು ಹೊರಡಿ. ಬೀದಿಯ ಕೊನೇ ಮನೆಯಿಂದ ಶುರು ಮಾಡಿ, ಅಲ್ಲಿಗೆ ಯಾರೂ ಹೋಗಿರುವುದಿಲ್ಲ.